ಹಳೆಯ ನಕ್ಷೆಯಲ್ಲಿ ನಮ್ಮ ಬಡಾವಣೆ

ನಮ್ಮ ಧರ್ಮಕೇಂದ್ರದ ಎಲ್ಲೆ ಯಾವುದೆಂದು ಕೇಳಿದರೆ ನಾವು ಥಟ್ಟನೆ ಹೇಳಬಲ್ಲೆವು. ಆದರೆ ನಾವು ವಾಸಿಸುವ ಬೀದಿ ಹುಟ್ಟಿದ್ದು ಯಾವಾಗ, ಜನರು ಅಲ್ಲಿಗೆ ಬಂದು ನೆಲೆಸಿದ್ದು ಏಕೆ ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ಹಿರಿಯರು ಮನೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರಿಲ್ಲದೆಡೆ ಹಳೆಯ ನಕ್ಷೆಗಳು ನಮ್ಮೊಡನೆ ಮಾತನಾಡುತ್ತವೆ. ಬೆಂಗಳೂರಿನ ಫ್ರೇಜರ್ ಟೌನ್ ಇದಕ್ಕೊಂದು ಉತ್ತಮ ನಿದರ್ಶನ.

ನಕ್ಷೆಯನ್ನು ಓದುವುದಕ್ಕೂ ಒಂದು ಕ್ರಮವುಂಟು. ಮೊದಲು ಅದರ ಅಂಚಿನಲ್ಲಿರುವ ಮೋಜಣಿಯ ವರ್ಷವನ್ನೂ ಅಳತೆಯ ಪ್ರಮಾಣವನ್ನೂ ಗಮನಿಸಬೇಕು. ಒಂದು ಮೈಲಿಯನ್ನು ಒಂದು ಅಂಗುಲಕ್ಕೆ ಇಳಿಸಿದ ನಕ್ಷೆಯಲ್ಲಿ ಊರು, ಕೆರೆ, ಮುಖ್ಯ ರಸ್ತೆಗಳಷ್ಟೇ ಕಾಣುತ್ತವೆ. ಓಣಿಗಳೂ ಕಟ್ಟಡಗಳೂ ಬಿಡಿಬಿಡಿಯಾಗಿ ಕಾಣಬೇಕಾದರೆ ಅದಕ್ಕಿಂತ ಹಲವು ಪಟ್ಟು ದೊಡ್ಡ ಪ್ರಮಾಣದ ನಕ್ಷೆ ಬೇಕು. ಬಳಿಕ ಅಂದಿಗೂ ಇಂದಿಗೂ ಕದಲದ ಗುರುತುಗಳನ್ನು ಹಿಡಿಯಬೇಕು. ಇಲ್ಲಿ ಅಂಥವು ಎರಡು. ಒಂದು, 1864ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ಬೆಂಗಳೂರು ದಂಡಿಗೆ ಬಂದ ರೈಲು ಮಾರ್ಗ. ಮತ್ತೊಂದು, ಅದರ ದಕ್ಷಿಣಕ್ಕೆ, ಅಂದು ಬ್ಲಾಕ್‌ಪಲ್ಲಿಯೆನಿಸಿದ್ದ ಇಂದಿನ ಶಿವಾಜಿನಗರದಲ್ಲಿ, 1882ರಲ್ಲಿ ಪ್ರತಿಷ್ಠೆಗೊಂಡ ಸಂತ ಮರಿಯಮ್ಮನವರ ದೇವಾಲಯ.

ಈ ಎರಡು ಗುರುತುಗಳನ್ನು ಹಿಡಿದು, ಹತ್ತೊಂಬತ್ತನೆಯ ಶತಮಾನದ ದಂಡಿನ ನಕ್ಷೆಯಲ್ಲಿ ರೈಲು ಮಾರ್ಗದ ಉತ್ತರಕ್ಕೆ ಕಣ್ಣು ಹಾಯಿಸಿದರೆ ಅಲ್ಲಿ ಫ್ರೇಜರ್ ಟೌನಿನ ಹೆಸರೇ ಇಲ್ಲ. ಮುಂದಿನ ಶತಮಾನದ ನಕ್ಷೆಗಳಲ್ಲಿ ಅದೇ ಜಾಗದಲ್ಲಿ ನೇರ ಬೀದಿಗಳ ಹೊಸ ಬಡಾವಣೆ ಮೂಡಿದೆ. ಈ ಅಂತರದ ನಡುವೆ ಒಂದು ಮಹಾಸಂಕಟದ ಕಥೆಯಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ಸಾವುನೋವು ಹೆಚ್ಚಿದವು. ಜನರನ್ನು ವಿಶಾಲವಾದ ಹೊಸ ಬಡಾವಣೆಗಳಿಗೆ ಸಾಗಿಸದೆ ಗತ್ಯಂತರವಿಲ್ಲವೆಂದು ಆಡಳಿತಗಾರರು ಮನಗಂಡರು. ಹೀಗೆ ಹುಟ್ಟಿದ ಬಡಾವಣೆಗೆ, 1905ರಿಂದ 1910ರವರೆಗೆ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಜರರ ಹೆಸರನ್ನಿಡಲಾಯಿತು. ಅದನ್ನು ಯೋಜಿಸಿದ ಜೆ. ಎಚ್. ಸ್ಟೀಫನ್ಸ್ ಅವರು ಮನೆಗಳಿಗೆ ಇಲಿಗಳು ನುಸುಳದಂತೆ ಕಟ್ಟುವ ವಿಧಾನಕ್ಕೆ ವಿಶೇಷ ಗಮನವಿತ್ತರು. ನಾವು ಇಂದು ಮೆಚ್ಚಿಕೊಳ್ಳುವ ಆ ಅಗಲವಾದ ಬೀದಿಗಳು ಅಂದವನ್ನಷ್ಟೇ ಬಯಸಿ ಹಾಕಿದವಲ್ಲ. ಸಾವಿನ ಭಯವೇ ಅವುಗಳನ್ನು ಹಾಕಿಸಿತು.

ಆದರೆ ನಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಬೀದಿಯನ್ನು ಅದು ತೋರಿಸುತ್ತದೆ, ಬೀದಿಯಲ್ಲಿ ಅತ್ತವರನ್ನು ತೋರಿಸುವುದಿಲ್ಲ. ಆ ಕೊರತೆಯನ್ನು ತುಂಬುವ ಸಂಪತ್ತು ನಮ್ಮ ದೇವಾಲಯಗಳಲ್ಲಿಯೇ ಇದೆ. ದೀಕ್ಷಾಸ್ನಾನ, ವಿವಾಹ ಹಾಗೂ ಮರಣದ ದಾಖಲೆ ಪುಸ್ತಕಗಳನ್ನು ಗುರುಗಳ ಅನುಮತಿ ಪಡೆದು ನಕ್ಷೆಯ ಪಕ್ಕದಲ್ಲಿಟ್ಟು ಓದಿದರೆ, ಬರಿಯ ಗೆರೆಗಳಾಗಿದ್ದ ಬೀದಿಗಳಲ್ಲಿ ಕುಟುಂಬಗಳು ಎದ್ದು ನಿಲ್ಲುತ್ತವೆ. ಬ್ಲಾಕ್‌ಪಲ್ಲಿ ಶಿವಾಜಿನಗರವಾಯಿತು, ಫ್ರೇಜರ್ ಟೌನ್ ಪುಲಕೇಶಿನಗರವಾಯಿತು. ಸಮೀಪದ ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯವು 1940ರಲ್ಲಿ ಬೆಂಗಳೂರು ಧರ್ಮಪ್ರಾಂತ್ಯ ಉದಯಿಸಿದಾಗ ಪ್ರಧಾನಾಲಯವಾಯಿತು. ಹೆಸರುಗಳೂ ಪದವಿಗಳೂ ಬದಲಾಗಿವೆ. ಗಂಟೆಯ ನಾದ ಹೊಮ್ಮುವ ಜಾಗ ಬದಲಾಗಿಲ್ಲ.

ಆದುದರಿಂದ ನಮ್ಮ ಯುವಜನರಲ್ಲಿ ನಮ್ಮದೊಂದು ವಿನಂತಿ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹಳೆಯ ನಕ್ಷೆಯ ಪ್ರತಿಯೊಂದನ್ನು ಅಜ್ಜ ಅಜ್ಜಿಯರ ಮುಂದೆ ಹರಡಿರಿ. ಬಾವಿ ಎಲ್ಲಿತ್ತು, ತೇರು ಯಾವ ಬೀದಿಯಲ್ಲಿ ತಿರುಗುತ್ತಿತ್ತು, ತಮ್ಮ ಹಿರಿಯರು ಎಲ್ಲಿಂದ ಬಂದರು ಎಂದು ಕೇಳಿರಿ. ಅವರು ಹೇಳಿದ್ದನ್ನು ದಿನಾಂಕ ಸಹಿತ ಬರೆದಿಡಿರಿ. ನಕ್ಷೆಯನ್ನು ಗ್ರಂಥಾಲಯದಲ್ಲಿ ನಾಳೆಯೂ ಹುಡುಕಬಹುದು. ಆ ನೆನಪನ್ನು ಇಂದೇ ಕೇಳಿ ಪಡೆಯಬೇಕು.