ಕಸವೆಂದು ಕಳೆಯುವ ಮುನ್ನ

ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಗಣಕಯಂತ್ರಗಳು ಇನ್ನೂ ದುಡಿಯುತ್ತಿವೆ. ಡಿಸ್ಕು ತುಂಬಿತೆಂಬ ಸೂಚನೆ ತೆರೆಯ ಮೇಲೆ ಮೂಡಿದೊಡನೆ ಮನೆಮಂದಿ ಕೈಗೆ ಸಿಕ್ಕಿದ ಕಡತಗಳನ್ನು ಅಳಿಸತೊಡಗುತ್ತಾರೆ. ಅಳಿಸಿದ್ದು ಮೊದಲು ಸೇರುವುದು ‘ರಿಸೈಕಲ್ ಬಿನ್’ ಎಂಬ ಬುಟ್ಟಿಗೆ. ಆ ಬುಟ್ಟಿಯನ್ನು ಬರಿದುಮಾಡುವ ತನಕ ಡಿಸ್ಕಿನಲ್ಲಿ ಸ್ಥಳ ತೆರವಾಗದು. ಅಂಗಳದ ಕಸವನ್ನು ಗುಡಿಸಿ ಜಗಲಿಯ ಮೂಲೆಗೆ ಒತ್ತಿದಂತೆ ಅಷ್ಟೆ.

ವಿಂಡೋಸ್ ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್’ ಎಂಬಲ್ಲಿ ಯಾವುದು ಎಷ್ಟು ಸ್ಥಳವನ್ನು ನುಂಗಿದೆಯೆಂಬ ಲೆಕ್ಕ ದೊರೆಯುತ್ತದೆ. ಅಲ್ಲಿನ ‘ಟೆಂಪೊರರಿ ಫೈಲ್ಸ್’ ಪಟ್ಟಿಯಿಂದ ತಾತ್ಕಾಲಿಕ ಕಡತಗಳನ್ನೂ ಹಳೆಯ ಅಪ್‌ಡೇಟ್‌ಗಳ ಶೇಷವನ್ನೂ ತೆಗೆಯಬಹುದು. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ನೋಡದೆ ಅದಕ್ಕೆ ಗುರುತು ಹಾಕಿದರೆ ಮಕ್ಕಳ ಅಂಕಪಟ್ಟಿ, ಜಮೀನಿನ ತೆರಿಗೆ ರಶೀದಿಗಳೂ ಕಸದೊಡನೆ ಹೋದಾವು.

ಗಡಿನಾಡಿನವರಾದ ನಾವು ವಿಶೇಷವಾಗಿ ಎಚ್ಚರವಹಿಸಬೇಕಾದ ವಿಷಯ ಬೇರೊಂದಿದೆ. ಯುನಿಕೋಡ್ ರೂಢಿಗೆ ಬರುವ ಮುನ್ನ ಶಾಲೆಗಳ ಸ್ಮರಣಸಂಚಿಕೆ, ಯಕ್ಷಗಾನ ಸಂಘಗಳ ವರದಿ, ಮನೆತನದ ವಂಶಾವಳಿ ಮುಂತಾದವನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡುತ್ತಿದ್ದೆವು. ಆ ಫಾಂಟುಗಳು ಕನ್ನಡದ ಅಕ್ಷರರೂಪಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದವು. ಫಾಂಟನ್ನು ಅಳಿಸಿದರೆ ಕನ್ನಡದ ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತದೆ. ಕನ್ನಡವರಿಯದ ದುರಸ್ತಿಗಾರನಿಗೆ ಅದು ಕೆಟ್ಟುಹೋದ ಕಡತ. ನಮ್ಮ ಶಾಲೆಯ ಸ್ಮರಣಸಂಚಿಕೆಯ ಕರಡು ಹೀಗೆಯೇ ಪೇಟೆಯ ಅಂಗಡಿಯೊಂದರಲ್ಲಿ ಅಳಿದುಹೋಯಿತು. ಪುಟಗಳು ಸಾಲದೆ ಅಚ್ಚಿನಲ್ಲಿ ಬಿಟ್ಟಿದ್ದ ಹಿರಿಯರ ನೆನಪುಗಳು ಅದರಲ್ಲಿ ಮಾತ್ರ ಇದ್ದವು. ಹೇಳಿ ಬರೆಸಿದವರಲ್ಲಿ ಈಗ ಯಾರೂ ಉಳಿದಿಲ್ಲ.

ಇಂತಹ ಕಡತ ಕಂಡಲ್ಲಿ ಮೊದಲು ಹಳೆಯ ಫಾಂಟನ್ನು ಮರಳಿ ಅಳವಡಿಸಬೇಕು. ಅಕ್ಷರಗಳು ಮತ್ತೆ ಕನ್ನಡವಾಗುತ್ತವೆ. ಬಳಿಕ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ ತಿದ್ದಿ, ಪೆನ್‌ಡ್ರೈವಿನಲ್ಲಿ ಮತ್ತೊಂದು ಪ್ರತಿ ಇರಿಸಬೇಕು. ಬೇಸರದ ಕೆಲಸವೇ ಸರಿ. ರಜೆಯಲ್ಲಿರುವ ಮಕ್ಕಳಿಗೆ ಒಪ್ಪಿಸಿದರೆ ಕಾಗುಣಿತವೂ ಗಟ್ಟಿಯಾದೀತು!

ಬರಹವನ್ನು ಅಳಿಸಿ ಸ್ಥಳ ಗಳಿಸುತ್ತೇವೆಂಬುದು ಭ್ರಮೆ. ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ಸ್ಫುಟವಾದ ವಿಡಿಯೋ 100 ಎಂ.ಬಿ.ಯ ಆಸುಪಾಸಿನದು, ಚಿತ್ರಗಳಿಲ್ಲದ ನಾಲ್ಕಾರು ಪುಟಗಳ ಬರಹವು 50 ಕೆ.ಬಿ. ದಾಟುವುದು ವಿರಳ. ಮದುವೆಮನೆಯ ನೂಕುನುಗ್ಗಲಲ್ಲಿ ತೆಗೆದ, ಯಾರ ಮುಖವೂ ಕಾಣದ ಒಂದು ವಿಡಿಯೋವನ್ನು ಅಳಿಸಿದರೆ ಅಂತಹ 2000 ಬರಹಗಳಿಗೆ ಎಡೆಯಾಗುತ್ತದೆ. ಅಳಿಸುವ ಕಾರ್ಯವನ್ನು ಅಲ್ಲಿಂದ ತೊಡಗಿ, ವಾಟ್ಸಾಪಿನಲ್ಲಿ ಬಂದ ಶುಭೋದಯದ ಚಿತ್ರಗಳತ್ತ ಸಾಗಬಹುದು.