ವಿಂಡೊಲ್ಯಾಂಡಾ ಕಾಯುತ್ತಿದ್ದ ‘ರೋಮನ್ನರು’ ಯಾರು?

ಉತ್ತರ ಇಂಗ್ಲೆಂಡಿನ ವಿಂಡೊಲ್ಯಾಂಡಾಕ್ಕೆ ಹೋದರೆ ಕಾಣೋದು ರೋಮನ್ ಸೇನಾ ಶಿಬಿರದ ಮೋಟು ಗೋಡೆಗಳು, ಸ್ನಾನಗೃಹದ ಪಾಯ. ಅಸಲಿ ಕತೆ ಇರೋದು ಅಲ್ಲಿನ ಕೆಸರಿನಲ್ಲಿ 1973ರಿಂದ ಸಿಗುತ್ತಿರುವ, ಶಾಯಿಯಲ್ಲಿ ಬರೆದ ತೆಳು ಮರದ ಹಲಗೆಗಳಲ್ಲಿ. ಒಂದು ಹಲಗೆ ಹಾಜರಿ ಲೆಕ್ಕ: ತುಂಗ್ರಿಯನ್ ಪಡೆಯ 752 ಸೈನಿಕರಲ್ಲಿ ಶಿಬಿರದಲ್ಲಿದ್ದವರು 296, ಅವರಲ್ಲೂ 10 ಮಂದಿಗೆ ಕಣ್ಣುಬೇನೆ. ಸಾಮ್ರಾಜ್ಯ ಹತ್ತಿರದಿಂದ ನೋಡಿದ್ರೆ ಹೀಗಿರುತ್ತೆ!

ಇವರ್‍ಯಾರೂ ರೋಮ್ ಊರಿನವರಲ್ಲ. ತುಂಗ್ರಿಯನ್ನರು ಇಂದಿನ ಬೆಲ್ಜಿಯಂ ಕಡೆಯವರು. ಇಲ್ಲೇ ಇದ್ದ ಇನ್ನೊಂದು ಪಡೆಯ ಬಟಾವಿಯನ್ನರು ನೆದರ್ಲೆಂಡ್ಸ್ ಕಡೆಯವರು, ಕ್ರಿ.ಶ. 69ರಲ್ಲಿ ರೋಮ್ ವಿರುದ್ಧವೇ ದಂಗೆ ಎದ್ದ ಜನ. ಒಂದೇ ತಲೆಮಾರಿನಲ್ಲಿ ಅವರು ಅದೇ ರೋಮ್‌ನ ಕಾವಲುಗಾರರು. 25 ವರ್ಷ ಸೇವೆ ಮಾಡಿದರೆ ಪೌರತ್ವ ಸಿಗುತ್ತಿತ್ತು. ಇನ್ನು ಸ್ಥಳೀಯರ ಯುದ್ಧರೀತಿ ಬಗ್ಗೆ ಇರುವ ಹಲಗೆಯೊಂದು ಅವರನ್ನು ಕರೆಯೋದು ‘ಬ್ರಿಟ್ಟುಂಕುಲಿ’ ಅಂತ. ಅಂದ್ರೆ, ಪುಟಗೋಸಿ ಬ್ರಿಟನ್ನರು.