ಗುಂಡಿ ಒತ್ತಿದರೂ ಏಳದ ಗಾಡಿ

ನಮ್ಮ ಉಪನಗರದ ಸ್ಟೇಷನ್ನಿನ ಬಳಿ ದಕ್ಷಿಣ ಕನ್ನಡದವರೊಬ್ಬರು ನಡೆಸುವ ಹೋಟೆಲಿದೆ. ಆಫೀಸಿಗೆ ಹೊರಡುವ ಮುನ್ನ ಅಲ್ಲಿ ಒಂದು ಲೋಟ ಕಾಫಿ ಕುಡಿಯುವುದು ಈ ಲೇಖಕನ ಬಹುಕಾಲದ ರೂಢಿ. ಕಳೆದ ಮಳೆಗಾಲದ ಒಂದು ಮುಂಜಾನೆ ಹೋದಾಗ ಧಣಿಗಳು ಗಲ್ಲಾಪೆಟ್ಟಿಗೆಯ ಮುಂದೆ ಇರಲಿಲ್ಲ. ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಕಾರಿನ ಕೀಲಿಯನ್ನು ಹಿತ್ತಲಿನ ಶೆಡ್ಡಿನತ್ತ ಚಾಚಿ, ಅದರ ಗುಂಡಿಯನ್ನು ಮೇಲಿಂದ ಮೇಲೆ ಒತ್ತುತ್ತಿದ್ದರು. ಊರಿನಿಂದ ಮತ್ಸ್ಯಗಂಧಾ ಗಾಡಿಯಲ್ಲಿ ಬರಲಿದ್ದ ತಾಯಿಯವರನ್ನು ಕರೆತರಲು ಅವರು ಕುರ್ಲಾ ಟರ್ಮಿನಸಿಗೆ ಹೋಗಬೇಕಾಗಿತ್ತು. ತಾವು ಹೋಗಿ ಏರುವಷ್ಟರಲ್ಲಿ ಇಂಜಿನು ತಾನಾಗಿ ಚಾಲೂ ಆಗಿ, ಒಳಗೆಲ್ಲ ತಂಪಾಗಿರಬೇಕೆಂಬ ಆಸೆಯಿಂದಲೇ ಅವರು ದೂರದಿಂದ ಚಾಲೂ ಮಾಡಬಲ್ಲ ಆ ಗಾಡಿಯನ್ನು ಕೊಂಡಿದ್ದರು. ಅಂದು ಶಟರಿನ ಕೆಳಸಂದಿಯಲ್ಲಿ ದೀಪದ ಮಿನುಗು ಕಂಡಿತೇ ಹೊರತು ಇಂಜಿನು ಉಸಿರೆತ್ತಲಿಲ್ಲ.

“ನಿನ್ನೆ ರಾತ್ರಿ ಗಾಡಿ ತೊಳೆದವ ಯಾರು?” ಎಂದು ಧಣಿಗಳು ಗರ್ಜಿಸಿದರು. ಬೈಂದೂರು ಕಡೆಯ ಹುಡುಗನೊಬ್ಬ ಶೆಡ್ಡಿನ ಕಡೆಯಿಂದ ಕಣ್ಣುಜ್ಜುತ್ತ ಬಂದು ತಲೆ ತಗ್ಗಿಸಿ ನಿಂತ. ಅವನು ಏನು ಕೆಡಿಸಿದನೆಂಬುದು ಅವನಿಗೂ ತಿಳಿಯದು, ಧಣಿಗಳಿಗೂ ತಿಳಿಯದು. ಆದರೂ ದುರಸ್ತಿಯ ಖರ್ಚನ್ನು ಅವನ ಸಂಬಳದಲ್ಲಿ ಹಿಡಿಯುವುದೆಂಬ ತೀರ್ಪು ನಿಂತ ನಿಲುವಿನಲ್ಲೇ ಆಗಿಹೋಯಿತು. ಬಳಿಕ ಧಣಿಗಳು ಒಳಗೆ ಕುಳಿತು, ಬ್ರೇಕು ತುಳಿದು, ಎಂದಿನಂತೆ ಗುಂಡಿ ಒತ್ತಿದರೆ ಇಂಜಿನು ತಟಕ್ಕನೆ ಎದ್ದಿತು! ಗಾಡಿ ಕುರ್ಲಾಕ್ಕೆ ಹೋಯಿತು. ಹುಡುಗನ ಮೇಲಿನ ಆರೋಪ ಮಾತ್ರ ಅಲ್ಲಿಯೇ ಉಳಿಯಿತು.

ನಮ್ಮ ವಾಚಕರಲ್ಲಿ ಕಾರಿನ ಒಡೆಯರು ಕಡಿಮೆ; ಒಡೆಯರ ಕಾರನ್ನು ಒರೆಸುವವರು, ನಿಲ್ಲಿಸುವವರು, ಓಡಿಸುವವರು ಹೆಚ್ಚು. ಕೆಟ್ಟಾಗ ಮೊದಲ ಮಾತು ಕೇಳಬೇಕಾದವರೂ ಅವರೇ ಆದುದರಿಂದ ಈ ಯಂತ್ರದ ಸ್ವಭಾವವನ್ನು ಸ್ವಲ್ಪ ಅರಿತಿರುವುದು ಒಳ್ಳೆಯದು.

ಹಿಂದೆ ಮೋಟಾರು ಗಾಡಿಯ ಮೂತಿಗೆ ಹ್ಯಾಂಡಲು ಸಿಕ್ಕಿಸಿ ತಿರುವಬೇಕಾಗಿತ್ತು. ಅದು ಹಿಮ್ಮೆಟ್ಟಿ ಬಡಿದರೆ ಕೈಮೂಳೆ ಮುರಿಯುವುದೂ ಉಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಶೋಧಕನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದ ಮೇಲೆ ಆ ಕಷ್ಟ ತಪ್ಪುತ್ತ ಬಂದಿತು. ಗಾಡಿಯಿಂದ ದೂರ ನಿಂತೇ ಚಾಲೂ ಮಾಡುವ ಉಪಾಯ ಹಿಮ ಬೀಳುವ ದೇಶಗಳಿಗೆ ಪ್ರಿಯವಾದುದು; ಅಲ್ಲಿ ಅದು ಒಳಗನ್ನು ಬೆಚ್ಚಗಾಗಿಸಲು, ಇಲ್ಲಿ ತಣ್ಣಗಾಗಿಸಲು. ನಮ್ಮಲ್ಲಿ 2019ರಲ್ಲಿ ಹುಂಡೈ ವೆನ್ಯೂ, ಕಿಯಾ ಸೆಲ್ಟೋಸ್ ಮುಂತಾದ ಗಾಡಿಗಳು ಬಂದಂದಿನಿಂದ ಮೊಬೈಲ್ ಫೋನಿನಿಂದಲೇ ಇಂಜಿನನ್ನು ಎಬ್ಬಿಸುವ ಸೌಕರ್ಯವೂ ಜನರಿಗೆ ಪರಿಚಿತವಾಗಿದೆ.

ಅದೇ ಹೋಟೆಲಿಗೆ ದಿನವೂ ಬರುವ ಹಿರಿಯರೊಬ್ಬರು ಇದ್ದಾರೆ. ಕುರ್ಲಾದ ಪ್ರೀಮಿಯರ್ ಕಾರಖಾನೆಯ ಪದ್ಮಿನಿ ಗಾಡಿಯನ್ನು ಮೂವತ್ತು ವರ್ಷ ಟ್ಯಾಕ್ಸಿಯಾಗಿ ಓಡಿಸಿದವರು. 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಈ ನಗರದ ರಸ್ತೆಗಳಿಂದ ಮರೆಯಾಗುವ ಮೊದಲೇ ಇವರು ನಿವೃತ್ತರಾಗಿದ್ದರು. ಧಣಿಗಳೂ ಇವರನ್ನು ‘ಅಣ್ಣ’ ಎಂದೇ ಕರೆಯುತ್ತಾರೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲ ಮಾರಾಯರೇ, ಒಳಗಿನಿಂದ ಚಾಲೂ ಆಗುವ ಗಾಡಿ ಹೊರಗಿನಿಂದ ಆಗುವುದಿಲ್ಲವೆಂದರೆ ಇಂಜಿನೂ ಕೆಟ್ಟಿಲ್ಲ, ಬ್ಯಾಟರಿಯೂ ಸತ್ತಿಲ್ಲ. ಅದು ಬೇಡವೆನ್ನುತ್ತಿದೆ. ಯಾಕೆ ಬೇಡವೆನ್ನುತ್ತದೆಂದು ಕೇಳುವ ಮೊದಲೇ ಹುಡುಗನ ಸಂಬಳ ಹಿಡಿದರೆ ಹೇಗೆ?” ಎಂದರು.

ಅವರ ಮಾತಿನಲ್ಲಿ ಇಡೀ ವಿದ್ಯೆಯ ಗುಟ್ಟಿದೆ. ಕೀಲಿಯ ಗುಂಡಿ ಒತ್ತಿದಾಗ ಅದರಿಂದ ರೇಡಿಯೋ ಅಲೆಯ ಮೂಲಕ ಒಂದು ಗುಪ್ತ ಸಂಕೇತ ಹೊರಡುತ್ತದೆ. ಗಾಡಿ ಆ ಸಂಕೇತವನ್ನು ಗುರುತಿಸಿದ ಕೂಡಲೇ ಇಂಜಿನನ್ನು ತಿರುಗಿಸಿಬಿಡುವುದಿಲ್ಲ. ಗೇರು ಪಾರ್ಕಿನಲ್ಲಿದೆಯೇ, ಬಾಗಿಲುಗಳು ಮುಚ್ಚಿ ಬೀಗ ಬಿದ್ದಿದೆಯೇ, ಬಾನೆಟ್ಟು ಮುಚ್ಚಿದೆಯೇ, ಬ್ರೇಕನ್ನು ಯಾರಾದರೂ ತುಳಿದಿದ್ದಾರೆಯೇ ಎಂದು ಒಂದೊಂದನ್ನೇ ವಿಚಾರಿಸುತ್ತದೆ. ಕೆಲವು ಗಾಡಿಗಳು ಪೆಟ್ರೋಲು ತೀರಾ ತಳಕ್ಕಿಳಿದಿದ್ದರೂ, ಅಪಾಯದ ದೀಪಗಳು ಮಿಣುಕುತ್ತಿದ್ದರೂ ಒಪ್ಪುವುದಿಲ್ಲ. ಇವುಗಳಲ್ಲಿ ಒಂದು ಉತ್ತರ ಸರಿಬಾರದಿದ್ದರೂ ಗಾಡಿ ಸುಮ್ಮನಾಗುತ್ತದೆ. ನಾವು ಅದನ್ನು ಕೆಟ್ಟಿತೆಂದು ಭಾವಿಸುತ್ತೇವೆ.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಕಣ್ಣು ಮತ್ತು ಕಿವಿಯಿಂದ ಎನ್ನುತ್ತಾರೆ ಅಣ್ಣ. ಗುಂಡಿ ಒತ್ತಿದಾಗ ದೀಪವೂ ಮಿನುಗದೆ, ಬಾಗಿಲಿನ ಬೀಗವೂ ಕದಲದೆ ಇದ್ದರೆ ಗಾಡಿಗೆ ನಿಮ್ಮ ಕರೆಯೇ ಮುಟ್ಟಿಲ್ಲ. ಹೆಚ್ಚಾಗಿ ಕೀಲಿಯೊಳಗಿನ ಬಿಲ್ಲೆಯಂಥ ಸೆಲ್ಲು ಸೊರಗಿರುತ್ತದೆ. ಅನೇಕ ಕೀಲಿಗಳಲ್ಲಿ ಇರುವುದು ಸಿ.ಆರ್. 2032 ಎಂಬ 3 ವೋಲ್ಟಿನ ಸೆಲ್ಲು, ಯಾವುದೇ ಗಡಿಯಾರದ ಅಂಗಡಿಯಲ್ಲಿ ಸಿಕ್ಕುವಂಥದು. ದೀಪ ಮಿನುಗಿಯೂ ಇಂಜಿನು ಮೌನವಾಗಿದ್ದರೆ, ಕರೆ ಕೇಳಿಸಿದೆ, ಆದರೆ ಮೇಲೆ ಹೇಳಿದ ಪ್ರಶ್ನೆಗಳಲ್ಲಿ ಯಾವುದೋ ಒಂದು ತಡೆದಿದೆ. ‘ಟಕ್ ಟಕ್’ ಎಂದು ಸದ್ದು ಬಂದು ನಿಂತರೆ ದೊಡ್ಡ ಬ್ಯಾಟರಿಯ ಮೇಲೆ ಸಂಶಯಪಡಬೇಕು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟು ತೋರಿಸುತ್ತದೆ, 12.2ರ ಸುಮಾರಿಗೆ ಇಳಿದರೆ ಅರ್ಧ ಖಾಲಿಯಾಯಿತೆಂದೇ ಲೆಕ್ಕ. ಗಾಡಿಯನ್ನು ಓಡಿಸದೆ ನಿಂತಲ್ಲೇ ದಿನಕ್ಕೆ ನಾಲ್ಕು ಬಾರಿ ಎಬ್ಬಿಸಿ ಮಲಗಿಸುವವರ ಬ್ಯಾಟರಿ ಬೇಗ ಈ ಗತಿಗೆ ಬರುತ್ತದೆ. ಇನ್ನು ಫೋನಿನಿಂದ ಎಬ್ಬಿಸುವವರು ಒಂದನ್ನು ನೆನಪಿಡಬೇಕು: ಕಟ್ಟಡದ ನೆಲಮಾಳಿಗೆಯಲ್ಲಿ ಫೋನಿನ ಸಂಪರ್ಕವಿರದಿದ್ದರೆ ಅಲ್ಲಿ ನಿಂತ ಗಾಡಿಗೂ ಇರುವುದಿಲ್ಲ. ಮೇಲಿನ ಮಹಡಿಯಿಂದ ಎಷ್ಟು ಒತ್ತಿದರೂ ವ್ಯರ್ಥ.

ನಮ್ಮ ಧಣಿಗಳ ಗಾಡಿಯದು ಎರಡನೆಯ ಲಕ್ಷಣ. ಅವರು ತಾಯಿಯವರೊಂದಿಗೆ ಮರಳಿದ ಬಳಿಕ ಅಣ್ಣ ಹುಡುಗನನ್ನು ಕರೆದು, “ನಿನ್ನೆ ಬಾನೆಟ್ಟು ಎತ್ತಿದ್ದೆಯಾ ಮಗಾ?” ಎಂದು ವಿಚಾರಿಸಿದರು. ಗಾಜು ತೊಳೆಯುವ ನೀರು ತುಂಬಲು ಎತ್ತಿದ್ದು ನಿಜವೆಂದು ಅವನು ಒಪ್ಪಿದ. ಬಾನೆಟ್ಟನ್ನು ಎತ್ತಿ, ಮತ್ತೆ ಬಲವಾಗಿ ಹಾಕಿ ನೋಡಿದರೂ ಗಾಡಿಯ ಫಲಕದಲ್ಲಿ ಅದು ತೆರೆದಿದೆಯೆಂಬ ಚಿಹ್ನೆ ಆರಲಿಲ್ಲ. ಬ್ಯಾಟರಿ ದೀಪ ಹಿಡಿದು ಬಗ್ಗಿ ನೋಡಿದಾಗ ಗುಟ್ಟು ಹೊರಬಿದ್ದಿತು. ಕೊಂಡಿಯ ಬಳಿಯ ಸ್ವಿಚ್ಚಿಗೆ ಹೋಗುವ ತಂತಿಯನ್ನು ಇಲಿ ಕಡಿದಿತ್ತು. ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಅಡಿಗೆಮನೆಯ ಹಿಂದೆ, ಅಕ್ಕಿ ಬೇಳೆಯ ಗೋಣಿಗಳ ಪಕ್ಕದಲ್ಲಿ ನಿಲ್ಲುವ ಗಾಡಿಗೆ ಮಳೆಗಾಲದಲ್ಲಿ ಬರುವ ಅತಿಥಿ ಇನ್ನಾರು?

ಸಂಜೆ ಧಣಿಗಳು ಪರಿಚಯದ ವಯರ್‌ಮನ್ನನೊಬ್ಬನನ್ನು ಕರೆಸಿದರು. ಅವನು ನೋಡಿದವನೇ, ಸ್ವಿಚ್ಚನ್ನೇ ಕಿತ್ತು ತಂತಿಗಳನ್ನು ಒಂದಕ್ಕೊಂದು ಹೊಸೆದುಬಿಡುವೆನೆಂದೂ, ಬಾನೆಟ್ಟು ತೆರೆದಿದ್ದರೂ ಮುಚ್ಚಿದ್ದರೂ ಗಾಡಿ ಇನ್ನು ತಕರಾರು ಮಾಡದೆಂದೂ ಹೇಳಿದ. ಅಗ್ಗವೂ ಹೌದು, ಹತ್ತು ನಿಮಿಷದ ಕೆಲಸವೂ ಹೌದು. ಧಣಿಗಳು ಹೂಂ ಎನ್ನುವವರಿದ್ದರು. ಅಣ್ಣ ತಡೆದರು. ಆ ಸ್ವಿಚ್ಚು ಇರುವುದು ಗಾಡಿಗಾಗಿ ಅಲ್ಲ, ಬಾನೆಟ್ಟಿನೊಳಗೆ ಕೈ ಹಾಕಿದ ಮನುಷ್ಯನಿಗಾಗಿ. ಹುಡುಗ ನೀರು ತುಂಬುತ್ತಿರುವಾಗ ಗಲ್ಲಾದಲ್ಲಿ ಕುಳಿತ ಯಾರೋ ಅರಿಯದೆ ಗುಂಡಿ ಒತ್ತಿದರೆ, ತಿರುಗುವ ಬೆಲ್ಟು ಬೆರಳನ್ನು ಉಳಿಸುತ್ತದೆಯೇ?

ಅಂಗಡಿಯಲ್ಲಿ ಕೊಂಡು ಹಳೆಯ ಗಾಡಿಗೆ ಜೋಡಿಸುವ ಸ್ಟಾರ್ಟರುಗಳಲ್ಲಿಯೂ ಇಂಥದೇ ಅಡ್ಡದಾರಿಗಳಿವೆ. ಕೈಗೇರಿನ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸುವ ಅಭ್ಯಾಸ ನಮ್ಮವರಿಗಿದೆ. ಅಂಥ ಗಾಡಿಯನ್ನು ದೂರದಿಂದ ಎಬ್ಬಿಸಿದರೆ ಅದು ಎದುರಿನ ಗೋಡೆಗೋ ಮನುಷ್ಯನಿಗೋ ನೆಗೆಯುವುದು ಖಂಡಿತ. ಕಳ್ಳತನವನ್ನು ತಡೆಯುವ ಚಿಪ್ಪನ್ನು ವಂಚಿಸಲು ಎರಡನೆಯ ಕೀಲಿಯನ್ನು ಗಾಡಿಯೊಳಗೇ ಅಡಗಿಸಿಡುವವರೂ ಇದ್ದಾರೆ; ಮನೆಗೆ ಬೀಗ ಹಾಕಿ ಕೀಲಿಯನ್ನು ಹೊಸ್ತಿಲಲ್ಲಿ ಬಿಟ್ಟಂತೆ. ನಮ್ಮ ಮಟ್ಟಿಗೆ ಅಂಥ ಜೋಡಣೆಗಳು ಕೊಟ್ಟ ಹಣಕ್ಕೆ ತಕ್ಕುವಲ್ಲ.

ಇಷ್ಟರಲ್ಲಿ ಅಣ್ಣನ ದೃಷ್ಟಿ ಶೆಡ್ಡಿನ ಮೂಲೆಯಲ್ಲಿದ್ದ ಎರಡು ಸುರುಳಿ ಹಾಸಿಗೆಗಳ ಮೇಲೆ ಬಿದ್ದಿತು. “ಇಲ್ಲಿ ಯಾರು ಮಲಗುವುದು?” ಎಂದರು. ಬೇಸಗೆಯಲ್ಲಿ ತಾರಸಿಯ ಮೇಲೆ ಮಲಗುತ್ತಿದ್ದ ಹುಡುಗರಿಬ್ಬರು ಮಳೆ ಹಿಡಿದಂದಿನಿಂದ ಇಲ್ಲಿ ಮಲಗುತ್ತಿದ್ದರು. ರಾತ್ರಿಪಾಳಿಯವರಾದುದರಿಂದ ಏಳುವುದು ಎಂಟು ಗಂಟೆಗೆ. ಶಟರು ಎಳೆದೇ ಇರುತ್ತಿತ್ತು. ಧಣಿಗಳ ಮುಖ ಬಿಳಿಚಿತು. ಹಿಂದಿನ ವಾರದಲ್ಲಿ ಎರಡು ಮುಂಜಾನೆ ಅವರು ಹಿಂಬಾಗಿಲಲ್ಲಿ ನಿಂತು ಇಂಜಿನು ಎಬ್ಬಿಸಿ, ಕಾಫಿ ಮುಗಿಸಿ ಬಂದೇ ಶಟರು ಎತ್ತಿಸಿದ್ದರು. ಆಗ ಬೈಂದೂರಿನ ಹುಡುಗ ಮೆಲ್ಲನೆ, “ಆ ಎರಡು ದಿನ ತಲೆ ಸಿಡಿಯುತ್ತಿತ್ತು ಧಣಿ, ವಾಂತಿ ಬಂದ ಹಾಗೂ ಆಗಿತ್ತು. ನಿದ್ದೆ ಸಾಲದ್ದಕ್ಕೆ ಅಂದುಕೊಂಡೆವು” ಎಂದ.

ಇಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು ಅದರ ಮೊದಲ ಲಕ್ಷಣಗಳು. ಮಲಗಿದವನಿಗೆ ಇವು ತಿಳಿಯುವ ಮುನ್ನವೇ ಪ್ರಾಣ ಹೋಗಬಹುದು. ಅನೇಕ ಗಾಡಿಗಳು ಹತ್ತು ನಿಮಿಷವಾದ ಕೂಡಲೇ ತಾವಾಗಿ ಆರುತ್ತವೆ, ನಿಜ. ಮುಚ್ಚಿದ ಚಿಕ್ಕ ಶೆಡ್ಡಿನಲ್ಲಿ ಆ ಹತ್ತು ನಿಮಿಷವೂ ಹೆಚ್ಚೇ. ಗಾಡಿ ಬಾಗಿಲನ್ನೂ ಬಾನೆಟ್ಟನ್ನೂ ವಿಚಾರಿಸುತ್ತದೆ. ಶಟರು ಎಳೆದಿದೆಯೇ, ಪಕ್ಕದಲ್ಲಿ ಯಾರಾದರೂ ಮಲಗಿದ್ದಾರೆಯೇ ಎಂದು ವಿಚಾರಿಸುವ ಸ್ವಿಚ್ಚು ಅದರಲ್ಲಿಲ್ಲ.

“ಗಣಪತಿಯ ವಾಹನಕ್ಕೆ ಒಂದು ನಮಸ್ಕಾರ ಹಾಕಿ ಧಣಿಗಳೇ,” ಎಂದರು ಅಣ್ಣ. ವಯರ್‌ಮನ್ನನು ತನ್ನ ಚೀಲ ಕಟ್ಟಿಕೊಂಡು ಹೋದ.

ಬಯಲಿನಲ್ಲಿ, ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಹೊಗೆಯ ಭಯ ಕಡಿಮೆ, ಕಾಯಿದೆಯ ಭಯ ಹೆಚ್ಚು. ಚಾಲಕನ ಸ್ಥಾನದಲ್ಲಿ ಲೈಸೆನ್ಸು ಉಳ್ಳವರು ಇಲ್ಲದಿದ್ದಾಗ, ಇಂಜಿನು ನಿಲ್ಲಿಸಿ ಬ್ರೇಕು ಹಾಕದೆ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಬಿಡಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು ಹೇಳುತ್ತದೆ. ಕೀಲಿಯ ಮೇಲೆ ಆ ಗುಂಡಿ ಇದೆಯೆಂಬುದು ಪೊಲೀಸರ ಮುಂದೆ ಸಮಾಧಾನವಾಗಲಾರದು.

ಗಾಡಿಯ ಕಂಪನಿಯ ವರ್ಕ್‌ಶಾಪಿನಲ್ಲಿ ಹೊಸ ತಂತಿ ಹಾಕಿಸಿದರು. ಆ ಬಿಲ್ಲು ಹುಡುಗನ ಲೆಕ್ಕಕ್ಕೆ ಬರಲಿಲ್ಲ. ಹಾಸಿಗೆಗಳು ಅಂದು ರಾತ್ರಿಯೇ ಹೋಟೆಲಿನ ಅಟ್ಟಕ್ಕೇರಿದವು. ಅಕ್ಕಿ ಗೋಣಿಗಳೂ ಶೆಡ್ಡಿನಿಂದ ತೊಲಗಿದವು. ಶೆಡ್ಡಿಗೆ ಈಗ ರಾತ್ರಿ ಬೀಗ ಬೀಳುತ್ತದೆ. ಆ ಬೀಗದ ಕೀಲಿಯನ್ನೂ ಕಾರಿನ ಕೀಲಿಯನ್ನೂ ಧಣಿಗಳು ಒಂದೇ ಬಳೆಗೆ ಸೇರಿಸಿದ್ದಾರೆ. ಮೊನ್ನೆ ಕಾಫಿಗೆ ಹೋದಾಗ ನೋಡಿದೆ: ಮೊದಲು ಶಟರಿನ ಸದ್ದು ಕೇಳಿತು, ಆಮೇಲೆ ಇಂಜಿನಿನದು.